ಅಕ್ಕಿ ಟೀಮಿನ ಕ್ಯಾಪ್ಟನ್ನು

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆಯ ಎದುರು ಹೊಂಗೆಮರದಡಿ ಇಸ್ತ್ರಿ ಮಾಡುವವನೊಬ್ಬ ಗಾಡಿ ನಿಲ್ಲಿಸಿಕೊಂಡಿದ್ದಾನೆ. ಬೆಳಿಗ್ಗೆ ಅವನು ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸತೊಡಗಿದರೆ ಹೊಗೆ ನೇರ ನಮ್ಮ ಜಗುಲಿಗೇ ಬರುತ್ತದೆ. ಸೊಸೆ ಬಾಗಿಲು ಹಾಕಿಕೊಳ್ಳುತ್ತಾಳೆ, ನಾನು ಕೂತೇ ಇರುತ್ತೇನೆ. ಮೊನ್ನೆ ಮಳೆಗೆ ಇದ್ದಿಲು ನೆನೆದು, ಹೊತ್ತಿಕೊಳ್ಳದೆ ಬರೀ ಕಮಟು ಹೊಗೆ ಎದ್ದಿತು. ಆ ವಾಸನೆಗೆ ನನಗೇ ತಿಳಿಯದ ಹಾಗೆ ಬಾಯಿಂದ ಮಾತು ಬಂತು: "ಅಣ್ಣ, ಲಾರಿ ವೊರಡಂಗೆ ಕಾಣಾಕಿಲ್ಲ." ಯಾರಿಗೆ ಹೇಳಿದೆನೋ... ಕೇಳಬೇಕಾದವರು ಹೋಗಿ ಎಷ್ಟೋ ವರ್ಷವಾಯಿತು.

ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ. ಲಾರಿಗೆ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲೇ ಓಡಿಸುತ್ತಿದ್ದರು. ಮದ್ದೂರಿನ ಒಂದು ಅಕ್ಕಿ ಗಿರಣಿಗೆ ಸೇರಿದ ಅಂಥ ಲಾರಿಯಲ್ಲಿ ನಾವು ಐದು ಜನ ಊರೂರು ಸುತ್ತಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆವು. ಹಳದಿ ಉಣ್ಣೆಯ ಚೆಂಡು, ನಡುವೆ ಬಲೆ, ಆಚೆ ಐವರು, ಈಚೆ ಐವರು. ಈಗಿನ ಹುಡುಗರಿಗೆ ಈ ಆಟ ಗೊತ್ತಿಲ್ಲ. ಆಗ ಮಂಡ್ಯ, ಮಳವಳ್ಳಿ ಕಡೆ ಬಯಲಿದ್ದಲ್ಲೆಲ್ಲ ಎರಡು ಗಳ ನೆಟ್ಟು ಆಡುತ್ತಿದ್ದರು. ನಮ್ಮದು ಮಾತ್ರ ಸಂಬಳದ ತಂಡ. ಗಿರಣಿಯ ಪುಸ್ತಕದಲ್ಲಿ ನಾನು ತಕ್ಕಡಿಯ ಮುಂದೆ ನಿಲ್ಲುವ ಆಳು, ಆದರೆ ತಕ್ಕಡಿ ಮುಟ್ಟಿದ್ದು ಕಡಿಮೆ. ನಮ್ಮ ಕೆಲಸ ಆಡುವುದು, ಗೆಲ್ಲುವುದು. ಜನ ನಮ್ಮನ್ನು "ಅಕ್ಕಿ ಟೀಮು" ಎನ್ನುತ್ತಿದ್ದರು.

ತಂಡ ಕಟ್ಟಿದ್ದು ಗಿರಣಿ ಯಜಮಾನರ ಹುರುಪು. ಬೆಂಗಳೂರಿನಲ್ಲಿ ಯಾವುದೋ ಪಂದ್ಯ ನೋಡಿ ಬಂದವರೇ, ಮಳವಳ್ಳಿಯ ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರೊಬ್ಬರನ್ನು ಕರೆಸಿ, ಕೆಲಸ ಬಿಡಿಸಿ, ಗಿರಣಿಯ ಹಿಂದಿನ ಮನೆಗಳಲ್ಲಿ ಒಂದನ್ನು ಕೊಟ್ಟರು. ಅವರೇ ನಮ್ಮ ಕ್ಯಾಪ್ಟನ್ನು. ಊರಿಗೆಲ್ಲ ಕ್ಯಾಪ್ಟನ್ನು, ನಮಗೆ ಅಣ್ಣ. ಕುಳ್ಳಗೆ, ಕಪ್ಪಗೆ, ನಡೆಯುವಾಗ ಸ್ವಲ್ಪ ಬಾಗಿದ ಹಾಗೆ. ನೋಡಿದವರು ಇವರೇನು ಆಡುತ್ತಾರೆ ಅನ್ನಬೇಕು. ಅವರು ಮಧ್ಯದಲ್ಲಿ ನಿಲ್ಲುತ್ತಿದ್ದರು. ಹಿಂದೆ ಮಳವಳ್ಳಿಯ ಮಗ್ಗದವರ ಮನೆಯ ಅಣ್ಣತಮ್ಮಂದಿರು, ಮುಂದೆ ನಾನು ಮತ್ತು ಹೊಳೆಯ ಕರೆಂಟು ಕಾರ್ಖಾನೆಯ ಊರಾದ ಬ್ಲಫ್‌ನಿಂದ ಬಂದ ಒಬ್ಬ.

ಮೊದಲ ವರ್ಷ ಮಂಡ್ಯದಲ್ಲಿ ಸ್ಕೂಲು ಹುಡುಗರ ಕೈಲಿ ಸೋತೆವು. ಜನ ಸಿಳ್ಳೆ ಹೊಡೆದು ಓಡಿಸಿದರು. ಮರುದಿನ ಬೆಳಿಗ್ಗೆ ಅಣ್ಣ ಬಂದು, "ಸೋತಿದ್ದು ಕೈಯಲ್ಲ ಕಣ್ರಲಾ, ಕಾಲು. ನಡೀರಿ," ಎಂದು ಶಿಂಷಾ ಹೊಳೆಯ ಮರಳಿನಲ್ಲಿ ನಮ್ಮನ್ನು ಓಡಿಸಿದರು. ಸುಗ್ಗಿ ಮುಗಿಯುವವರೆಗೂ ಓಡಿಸಿದರು. ಮಧ್ಯಾಹ್ನ ಗಿರಣಿಯ ಬಯಲಿನಲ್ಲಿ ಆಟ. ಗಾಳಿಯಲ್ಲಿ ಹೊಟ್ಟಿನ ಧೂಳು, ಕಣ್ಣು ಉರಿ, ಕೆಮ್ಮು. ಆ ಧೂಳಿನಲ್ಲಿ ಚೆಂಡು ಕಾಣುವುದನ್ನು ಕಲಿತವನಿಗೆ ಬೇರೆ ಎಲ್ಲಿ ಆಡಿದರೂ ಹಬ್ಬವೇ.

ಮುಂದಿನ ವರ್ಷ ಮಂಡ್ಯದಲ್ಲಿ ಗೆದ್ದೆವು. ಮಳವಳ್ಳಿಯಲ್ಲಿ ಗೆದ್ದೆವು. ಬೆಂಗಳೂರಿಗೆ ಹೋಗಿ, ಬೂಟು ಹಾಕಿಕೊಂಡು ಆಡುವವರನ್ನು ಬರಿಗಾಲಲ್ಲಿ ಸೋಲಿಸಿ ಬಂದೆವು. ಎಲ್ಲಕ್ಕಿಂತ ದೊಡ್ಡದು ಕೊಳ್ಳೇಗಾಲದ ಕಪ್ಪು. ಅಲ್ಲಿಯ ಒಬ್ಬ ರೇಷ್ಮೆ ವ್ಯಾಪಾರಿ ತಂದೆಯ ನೆನಪಿಗೆ ಇಟ್ಟಿದ್ದ ಬೆಳ್ಳಿಯ ಕಪ್ಪು ಅದು. ಗೆದ್ದವರು ಒಂದು ವರ್ಷ ಇಟ್ಟುಕೊಂಡು ಹಿಂದಿರುಗಿಸಬೇಕು. ಬಿಡದೆ ಮೂರು ವರ್ಷ ಗೆದ್ದರೆ ಕಪ್ಪು ಅವರದೇ. ನಾವು ಎರಡು ವರ್ಷ ಗೆದ್ದಿದ್ದೆವು.

ಕೊಳ್ಳೇಗಾಲ ಆಗ ಮದ್ರಾಸಿಗೆ ಸೇರಿತ್ತು. ನಡುವಿನ ದೊಡ್ಡ ಹೊಳೆಯ ಈಚೆ ಮೈಸೂರು, ಆಚೆ ಮದ್ರಾಸು. ಅಕ್ಕಿ ಭತ್ತ ಅತ್ತ ಹೋಗಕೂಡದೆಂದು ಸರ್ಕಾರದ ಕಟ್ಟು. ಸೇತುವೆಗೆ ಮುಂಚೆ ಒಂದು ಗೇಟು, ಅಲ್ಲೊಬ್ಬ ಕಾವಲಿನವನು. ಎಲ್ಲರ ಗಾಡಿ ತಡೆದು ಮೂಟೆಗೆ ಕಡ್ಡಿ ಚುಚ್ಚಿ ನೋಡುವವನು ನಮ್ಮ ಲಾರಿ ಕಂಡರೆ ದೂರದಿಂದಲೇ ಗೇಟು ಎತ್ತುತ್ತಿದ್ದ. "ಏನ್ ಕ್ಯಾಪ್ಟನ್ರೇ, ಏನೈತೆ ಲಾರೀಲಿ? ಕಪ್ಪಾ?" ಅದು ಅವನ ತಮಾಷೆ. ನಾವು ನಗುತ್ತಿದ್ದೆವು, ಲಾರಿ ದಾಟುತ್ತಿತ್ತು.

ಲಾರಿಯಲ್ಲಿ ನಾವು ಮೂಟೆಗಳ ಮೇಲೆ ಕೂರುತ್ತಿದ್ದೆವು. ಅದು ತೌಡು, ಯಜಮಾನರ ನೆಂಟರ ದನಗಳಿಗೆ ಎಂದು ಹೇಳಿದ್ದರು. ಬರುವಾಗ ಮೂಟೆ ಇರುತ್ತಿರಲಿಲ್ಲ. ತೌಡಿನ ಮೂಟೆ ಕೂತರೆ ಕುಸಿಯುತ್ತದೆ, ಇವು ಕುಸಿಯುತ್ತಿರಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ... ಹೇಳುವುದಕ್ಕೆ ಏನಿದೆ, ಕೂತವರಿಗೆಲ್ಲ ಗೊತ್ತಿದ್ದದ್ದೇ.

ಆ ವರ್ಷ ಮದ್ದೂರಿನ ರೇಷನ್ ಡಿಪೋ ಮುಂದೆ ಹೆಂಗಸರ ಸಾಲು ಬೀದಿ ತಿರುವಿನವರೆಗೂ ಇರುತ್ತಿತ್ತು. ಸುತ್ತ ಗದ್ದೆ, ನಡುವೆ ಗಿರಣಿ, ಆದರೂ ಮನೆಗೆ ಸಿಗುತ್ತಿದ್ದದ್ದು ಹುಳ ಬಿದ್ದ ಜೋಳ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಒಂದು ದಿನ ಆ ಸಾಲಿನಲ್ಲಿ ನಿಂತಿದ್ದರು. ಅಕ್ಕಿ ಮುಗಿಯಿತೆಂದು ಬಾಗಿಲು ಹಾಕಿದಾಗ ಮುಂದಿದ್ದ ಹೆಂಗಸು ಹಿಂದಕ್ಕೆ ತಿರುಗಿ, "ನಿಂಗ್ಯಾಕಮ್ಮ ಈ ಸಾಲು? ನಿನ್ ಗಂಡ ಅಕ್ಕಿ ಮ್ಯಾಲೇ ಕುಂತ್ಕಂಡು ಓಯ್ತಾನಲ್ಲ, ಒಂದೀಟು ಇಳಿಸ್ಕಂಡು ಬಾ ಅನ್ನು," ಎಂದಳಂತೆ.

ಅತ್ತಿಗೆ ಮನೆಗೆ ಬಂದು ಇದನ್ನು ಹೇಳುವಾಗ ನಾನು ಅಲ್ಲೇ ಇದ್ದೆ. ಅಳಲಿಲ್ಲ, ಕೂಗಲಿಲ್ಲ. ಖಾಲಿ ಚೀಲವನ್ನು ಮಡಿಸುತ್ತಾ, "ಅವಳು ಸುಳ್ಳು ಯೋಳುದ್ಲಾ?" ಎಂದಷ್ಟೇ ಕೇಳಿದರು. ಅಣ್ಣ ಬ್ಯಾಟಿನ ನರ ಬಿಗಿಯುತ್ತಿದ್ದರು. ಬಹಳ ಹೊತ್ತು ಅದನ್ನೇ ಬಿಗಿದರು.

ಮರುದಿನ ಅವರು ಯಜಮಾನರ ಮುಂದೆ ಹೋಗಿ ನಿಂತು, ಇನ್ನು ಮೂಟೆ ಹಾಕಿದರೆ ತಂಡ ಲಾರಿ ಹತ್ತುವುದಿಲ್ಲ ಎಂದರು. ಯಜಮಾನರು ಸಿಟ್ಟಾಗುತ್ತಾರೆಂದುಕೊಂಡಿದ್ದೆವು. ಆಗಲಿಲ್ಲ. "ಆಯ್ತು ಮೇಷ್ಟ್ರೇ, ಹಾಕ್ಸಲ್ಲ. ನೀವು ಕಪ್ಪು ತನ್ನಿ," ಎಂದರು. ಅಣ್ಣ ಅದನ್ನು ನಂಬಿದರು. ಹೊರಗೆ ಬಂದಾಗ ಮುಖ ತೊಳೆದುಕೊಂಡವರ ಹಾಗಿದ್ದರು.

ಮೂರನೆಯ ವರ್ಷದ ಕೊನೆಯ ಪಂದ್ಯಕ್ಕೆ ಹೊರಟ ದಿನ ಲಾರಿ ನಿಜವಾಗಿಯೂ ಖಾಲಿ ಕಂಡಿತು. ಕೂರಲು ಹಲಗೆ ಹಾಸಿ ಮೇಲೆ ಜಮಖಾನ ಹಾಕಿದ್ದರು. ನೆನೆದ ಇದ್ದಿಲು ಹೊತ್ತಲು ತಡವಾಯಿತು. ಮಳವಳ್ಳಿಯಲ್ಲಿ ಕಾಫಿಗೆ ನಿಂತಾಗ ಬ್ಲಫ್ ಹುಡುಗನ ಬ್ಯಾಟು ಹಲಗೆಗಳ ಸಂದಿಗೆ ಜಾರಿತು. ಅದನ್ನು ತೆಗೆಯಲು ಅಣ್ಣ ಹಲಗೆ ಎತ್ತಿದರು. ಕೆಳಗೆ ಉದ್ದಕ್ಕೂ ಮೂಟೆ ಮಲಗಿಸಿದ್ದರು.

ಅಣ್ಣ ಹಲಗೆಯನ್ನು ಮೊದಲಿನ ಹಾಗೇ ಇಟ್ಟರು. ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. "ಆಟ ಮುಗಿಸ್ಕಂಡು ಬಂದು ಕೇಳಾನ ಬುಡಣ್ಣ," ಎಂದ ಮಳವಳ್ಳಿಯ ಅಣ್ಣತಮ್ಮಂದಿರಲ್ಲಿ ಹಿರಿಯವನು. ಅಣ್ಣ ತಲೆಯಾಡಿಸಿದರು. ಒಪ್ಪಿದರೆಂದೇ ನಾವು ತಿಳಿದೆವು. ಬಹುಶಃ ಒಪ್ಪಿಯೂ ಇದ್ದರು... ಗೇಟಿನವರೆಗೂ ಒಪ್ಪಿದ್ದರೇನೋ.

ಗೇಟಿನಲ್ಲಿ ಕಾವಲಿನವನು ಎಂದಿನಂತೆ ನಗುತ್ತಾ ಬಂದ. ನಮ್ಮ ಹಿಂದೆಯೇ ಕೊಳ್ಳೇಗಾಲದ ಬಸ್ಸು ನಿಂತಿತ್ತು, ಜನ ಇಳಿದು ನಮ್ಮನ್ನು ನೋಡುತ್ತಿದ್ದರು.

"ಏನ್ ಕ್ಯಾಪ್ಟನ್ರೇ, ಏನೈತೆ ಲಾರೀಲಿ?"

"ಅಕ್ಕಿ ಐತೆ," ಎಂದರು ಅಣ್ಣ.

ಅವನು ಗಟ್ಟಿಯಾಗಿ ನಕ್ಕು ಗೇಟಿಗೆ ಕೈ ಹಾಕಿದ.

"ನಗ್‌ಬ್ಯಾಡ ಕಣಪ್ಪ. ಅಲಗೆ ಕೆಳಗೆ ಅಕ್ಕಿ ಮೂಟೆ ಐತೆ. ಅತ್ತಿ ನೋಡು."

ಅವನ ನಗು ನಿಂತಿತು. ಹತ್ತಿರ ಬಂದು, ದನಿ ತಗ್ಗಿಸಿ, "ಸುಮ್ಕೆ ಓಗಿ ಸ್ವಾಮಿ, ನಿಮ್ಮ ಆಟಕ್ಕೆ ವೊತ್ತಾಯ್ತದೆ," ಎಂದ. ಕೈಮುಗಿದ ಹಾಗೂ ಇತ್ತು. ಆದರೆ ಬಸ್ಸಿನವರಿಗೆ ಮಾತು ಕೇಳಿಸಿತ್ತು. ಒಬ್ಬ ಆಗಲೇ ಲಾರಿಯ ಚಕ್ರದ ಮೇಲೆ ಕಾಲಿಟ್ಟು ಹತ್ತಿದ್ದ. ಇನ್ನು ಯಾರೂ ಏನೂ ಮಾಡುವ ಹಾಗಿರಲಿಲ್ಲ. ಡ್ರೈವರು ಸ್ಟೀರಿಂಗು ಹಿಡಿದುಕೊಂಡೇ ಕೂತಿದ್ದ, ಹಿಂದಿರುಗಿ ಸಹ ನೋಡಲಿಲ್ಲ.

ಮಳವಳ್ಳಿಯಿಂದ ಪೊಲೀಸಿನವರು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೊಳ್ಳೇಗಾಲದಲ್ಲಿ ನಮ್ಮನ್ನು ಕಾದು, ಎದುರು ತಂಡವೇ ಗೆದ್ದಿತೆಂದು ಕಪ್ಪು ಕೊಟ್ಟರಂತೆ. ನಾವು ಗೇಟಿನ ಪಕ್ಕದ ಕಲ್ಲುಗಳ ಮೇಲೆ ಸಾಲಾಗಿ ಕೂತಿದ್ದೆವು. ಹೊಳೆಯ ಸದ್ದು ಕೇಳುತ್ತಿತ್ತು. ಬ್ಲಫ್ ಹುಡುಗ ಅಳುತ್ತಿದ್ದ. ಅಣ್ಣ ಅವನ ಹೆಗಲ ಮೇಲೆ ಕೈ ಇಡಲು ಹೋದರು. ಅವನು ಸರಿದು ಕೂತ.

ವಿಚಾರಣೆಯಲ್ಲಿ ಯಜಮಾನರು, ಡ್ರೈವರು ತನ್ನ ಲಾಭಕ್ಕೆ ಮಾಡಿದ್ದು, ತಮಗೆ ಗೊತ್ತೇ ಇಲ್ಲ ಎಂದರು. ಅಣ್ಣ ಇದ್ದದ್ದನ್ನೆಲ್ಲ ಹೇಳಿದರು. ನಮ್ಮನ್ನೂ ಕರೆಸಿದರು, ನಾವೂ ಹೇಳಿದೆವು. ಆದರೆ ಯಜಮಾನರು ಮೂಟೆ ಹೇರಿಸಿದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಡ್ರೈವರಿಗೆ ಜೈಲಾಯಿತು. ಗಿರಣಿ ನಡೆಯಿತು. ತಂಡ ಮುಗಿಯಿತು, ಗಳಗಳನ್ನು ಕಿತ್ತು ಆ ಬಯಲಿನಲ್ಲಿ ಭತ್ತ ಒಣಹಾಕಿದರು.

ಊರು ಅಣ್ಣನನ್ನು ಹೊಗಳಲಿಲ್ಲ. ಡಿಪೋ ಸಾಲಿನ ಹೆಂಗಸರು ಸಹ. ಅಕ್ಕಿಯೇನೂ ಬರಲಿಲ್ಲವಲ್ಲ. ಕಪ್ಪು ಹೋಯಿತು, ಐದು ಮನೆಯ ಸಂಬಳ ಹೋಯಿತು, ಒಬ್ಬ ಬಡವ ಒಳಗೆ ಹೋದ. ಲೆಕ್ಕ ಹಾಕಿದವರು ಹೀಗೇ ಹಾಕಿದರು.

ಡ್ರೈವರಿನ ಹೆಂಡತಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು ಅಣ್ಣನ ಜಗುಲಿಯ ಮೇಲೆ ಕೂತಳು. ಬೈಯಲಿಲ್ಲ. ಕೂತಳು, ಅಷ್ಟೆ. ಸಂಜೆಯಾದರೂ ಏಳಲಿಲ್ಲ. ಅತ್ತಿಗೆಯೇ ಹೋಗಿ ಮಗುವನ್ನು ಎತ್ತಿಕೊಂಡು, "ವೊಳಿಕೆ ಬಾ ಕಣಮ್ಮ," ಎಂದರು. ಗಿರಣಿಯ ಮನೆ ಬಿಡಬೇಕಾಗಿ ಬಂದಾಗ ಅಣ್ಣ ಮಳವಳ್ಳಿಗೆ ವಾಪಸು ಹೋದರು. ಆ ತಾಯಿ ಮಗುವೂ ಜೊತೆಯಲ್ಲೇ ಹೋದರು. ಸ್ಕೂಲಿನ ಕೆಲಸದಲ್ಲಿ ಬೇರೆಯವರಿದ್ದರು. ಅಣ್ಣ ಸಂತೆಯಲ್ಲಿ ಮೂಟೆ ಇಳಿಸಿದರು, ಇಟ್ಟಿಗೆ ಗೂಡಿಗೆ ಹೋದರು, ಸಿಕ್ಕಿದ್ದು ಮಾಡಿದರು. ತಮ್ಮ ಇಬ್ಬರು ಹೆಣ್ಣುಮಕ್ಕಳ ಜೊತೆ ಆ ಮಗುವೂ ಅವರನ್ನು ಅಪ್ಪ ಎನ್ನುತ್ತಿತ್ತು.

ಡ್ರೈವರು ಬಿಡುಗಡೆಯಾಗಿ ಬಂದ ದಿನ ನಾನು ಮಳವಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಅವನು ಒಳಗೆ ಬರಲಿಲ್ಲ. ಬೀದಿಯಲ್ಲೇ ನಿಂತು ಹೆಂಡತಿಯನ್ನು ಕರೆದ. ಅಣ್ಣ ಹೊರಗೆ ಹೋದರು. ಇಬ್ಬರೂ ಎದುರುಬದುರು ನಿಂತರು. ಅವನು ಬಹಳ ಇಳಿದುಹೋಗಿದ್ದ.

"ನೀವು ಯೋಳುದ್ದು ನಿಜವೇ ಸ್ವಾಮಿ," ಎಂದ. "ನನ್ ಎಂಡ್ರು ಮಕ್ಳುನ್ನ ಸಾಕುದ್ರಿ, ಅದೂ ನಿಜ. ಆದ್ರೆ ಗೇಟಿಗೆ ಮುಂಚೆ ನಂಗೊಂದ್ ಮಾತು, ಲಾರಿ ಇಳ್ಕೊ ಅಂತ ಯೋಳ್ಬೋದಿತ್ತು."

ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಹೋದ ಮೇಲೂ ಅಣ್ಣ ಬೀದಿಯಲ್ಲೇ ನಿಂತಿದ್ದರು. ಅತ್ತಿಗೆ ಎರಡು ಸಲ ಕರೆದ ಮೇಲೆ ಒಳಗೆ ಬಂದರು.

ಆಮೇಲೆ ನನಗೆ ಮಂಡ್ಯದಲ್ಲಿ ಕೆಲಸವಾಯಿತು. ಸ್ವಾತಂತ್ರ್ಯ ಬಂದ ವರ್ಷ ಮಳವಳ್ಳಿಯ ಹುಡುಗರು ಆಟ ಏರ್ಪಡಿಸಿ, ಹಳೆಯ ಅಕ್ಕಿ ಟೀಮಿನವರನ್ನು ಒಂದು ಸಲ ಆಡಿಸಬೇಕೆಂದು ಓಡಾಡಿದರು. ಅಣ್ಣನನ್ನು ಒಪ್ಪಿಸಲು ನಾನೇ ಹೋದೆ. ಅವರು ಇಟ್ಟಿಗೆ ಗೂಡಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಬರುವುದಿಲ್ಲ ಎಂದರು. ನಾನು ಒತ್ತಾಯಿಸಲಿಲ್ಲ. ಬಸ್‌ಸ್ಟಾಂಡಿನವರೆಗೂ ಜೊತೆಯಲ್ಲಿ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು ಕೇಳಿದರು:

"ಅವತ್ತು ಆಡಿದ್ರೆ ಗೆಲ್ತಿದ್ವೇನ್ಲಾ?"

ಸುಳ್ಳು ಹೇಳಬಹುದಿತ್ತು. ಎದುರು ತಂಡ ಗಟ್ಟಿಯಾಗಿತ್ತು ಎನ್ನಬಹುದಿತ್ತು.

"ಗೆಲ್ತಿದ್ವಣ್ಣ," ಎಂದೆ.

"ನಂಗೂ ಅಂಗೇ ಅನ್ನುಸ್ತದೆ," ಎಂದರು. "ಅದೇ ಕಣ್ಲಾ ಬಲೇ ಕಷ್ಟ."

ಬಸ್ಸು ಹೊರಟಿತು. ಮತ್ತೆ ಅವರನ್ನು ನೋಡಲಿಲ್ಲ... ಹೋಗಬೇಕು ಹೋಗಬೇಕು ಅಂದುಕೊಳ್ಳುತ್ತಲೇ ಕಾಲ ಹೋಯಿತು. ಸುದ್ದಿ ಬಂದದ್ದು ತಿಥಿಯೂ ಮುಗಿದ ಮೇಲೆ. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಹೋದರು. ಐವರಲ್ಲಿ ಈಗ ನಾನೊಬ್ಬನೇ. ಆಡಿದ ಯಾವುದೋ ಪಂದ್ಯ ನೆನಪಾಗಿ, ಹೌದೇ ಅಲ್ಲವೇ ಎಂದು ಕೇಳಬೇಕೆನ್ನಿಸಿದರೆ ಕೇಳಲು ಜನವಿಲ್ಲ.

ಹೋದ ತಿಂಗಳು ಅವರ ಕಿರಿಯ ಮಗಳು ಮಂಡ್ಯದ ಆಸ್ಪತ್ರೆಗೆ ಬಂದವಳು, ವಿಳಾಸ ಕೇಳಿಕೊಂಡು ನಮ್ಮ ಮನೆಗೂ ಬಂದಿದ್ದಳು. ಅವಳಿಗೂ ಕೂದಲು ಬೆಳ್ಳಗಾಗಿದೆ. ಅಪ್ಪ ಇಟ್ಟಿಗೆ ಹೊತ್ತದ್ದು ಅವಳಿಗೆ ನೆನಪಿದೆ, ಜನ ಆಡಿಕೊಂಡದ್ದು ನೆನಪಿದೆ. ಕಾಫಿ ಕುಡಿದು ಹೊರಡುವ ಮುಂಚೆ, ಇದಕ್ಕೇ ಬಂದವಳ ಹಾಗೆ ಕೇಳಿದಳು: "ಚಿಕ್ಕಪ್ಪ, ನಮ್ಮಪ್ಪ ನಿಜ್ವಾಗ್ಲೂ ಚೆಂದಾಗಿ ಆಡ್ತಿದ್ರಾ?"

ಹೇಳತೊಡಗಿದೆ. ಮಾತಿನಲ್ಲಿ ಅದು ಬರಲಿಲ್ಲ. ತೋರಿಸೋಣವೆಂದು ಕುರ್ಚಿ ಹಿಡಿದು ಎದ್ದು ನಿಂತು ಕೈ ಎತ್ತಿದೆ. ತೋಳು ಹೆಗಲಿನ ಮೇಲಕ್ಕೆ ಏಳಲಿಲ್ಲ.

"ಇರ್ಲಿ ಬುಡಿ ಚಿಕ್ಕಪ್ಪ, ಕುಂತ್ಕಳಿ," ಎಂದಳು ಅವಳು.

ಕೂತೆ.