ಲೈನ್‌ಮನೆ ಹಿಂದಿನ ಕ್ಯಾಮೆರಾ

ಚೆಟ್ಟಳ್ಳಿ ಕಡೆಯ ಆ ಕಾಫಿ ಎಸ್ಟೇಟಿಗೆ ಕುಸುಮಾ ರೈಟರ್ ಆಗಿ ಬಂದಾಗ ಅಲ್ಲಿಯವರೆಗೆ ಯಾವ ಹೆಂಗಸೂ ಆ ಕೆಲಸ ಮಾಡಿರಲಿಲ್ಲ. ಶಿರಂಗಾಲದಲ್ಲಿ ಶುಂಠಿ, ಜೋಳ ಬೆಳೆಯುವ ಮನೆಯ ಮಗಳು. ಕುಶಾಲನಗರದಲ್ಲಿ ಬಿ.ಕಾಂ. ಮುಗಿಸಿದ್ದಳು. ಗಂಡ ರೇಣುಕಪ್ರಸಾದ್ ಅಲ್ಲೇ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದ. ಯಾರನ್ನು ಯಾವ ಕೆಲಸಕ್ಕೆ ಹಾಕಬೇಕು, ಯಾರ ಮಗುವಿಗೆ ಜ್ವರ, ಯಾರ ಗಂಡ ಕುಡಿದು ಬಂದು ಮಲಗಿದ್ದಾನೆ ಎಂಬುದನ್ನೆಲ್ಲ ತಿಳಿದುಕೊಂಡು, ಬೆಳಿಗ್ಗೆ ಜನರನ್ನು ತೋಟಕ್ಕೆ ಕಳಿಸುವುದು ಅವಳ ಕೆಲಸ. ಮೊದಮೊದಲು ನಗುತ್ತಿದ್ದ, ಕೂಲಿಯವರು ಇರುವ ಲೈನ್‌ಮನೆಯ ಗಂಡಸರು ಒಂದೇ ಕಾಫಿ ಕೊಯ್ಲು ಮುಗಿಯುವುದರೊಳಗೆ ಅವಳನ್ನು ರೈಟ್ರಮ್ಮ ಎಂದು ಕರೆಯತೊಡಗಿದರು.

ಆ ಕ್ಯಾಮೆರಾ ಬಂದದ್ದು ಲೈನಿನಲ್ಲಿದ್ದ ಚಿಕ್ಕ ಎಂಬ ಆಳು ಸತ್ತ ಮೇಲೆ. ಮುಂಜಾನೆ ಮಂಜಿನಲ್ಲಿ ಲೈನಿನ ಹಿಂದಿನ ಕಾಲುದಾರಿಯಲ್ಲಿ ಹೋಗುತ್ತಿದ್ದವನಿಗೆ ಎದುರಿಗೇ ಆನೆ ನಿಂತದ್ದು ಕಾಣಲಿಲ್ಲ. ಹೆಣ ಎತ್ತಿ ತಂದ ದಿನ ಕುಸುಮಾ ಸಾಹುಕಾರ ಮೊಣ್ಣಪ್ಪನವರ ಮುಂದೆ ನಿಂತು, ಆ ದಾರಿಗೆ ಒಂದು ಕ್ಯಾಮೆರಾ ಬೇಕೇಬೇಕು ಎಂದಳು. ಮೊಣ್ಣಪ್ಪ ಒಪ್ಪಿದರು. ಕುಶಾಲನಗರದಲ್ಲಿ ಕ್ಯಾಮೆರಾ ಹಾಕುವ ಕೆಲಸ ಮಾಡುತ್ತಿದ್ದ ಕೀರ್ತಿಕುಮಾರ್ ಬಂದು ಕಂಬ ನಿಲ್ಲಿಸಿದ. ನಾಲ್ಕು ದಿಕ್ಕಿಗೂ ತಿರುಗುವ ಕ್ಯಾಮೆರಾ, ಆನೆ ಕಂಡರೆ ಕೂಗುವ ಸೈರನ್, ಎಲ್ಲವೂ ಆಫೀಸಿನ ವೈಫೈ ಮೇಲೆ ನಡೆಯುತ್ತಿತ್ತು. ಕುಸುಮಾಳ ಫೋನಿಗೂ ಆ್ಯಪ್ ಹಾಕಿಕೊಟ್ಟು, "ಅಕ್ಕ, ನೀವು ನೋಡ್ತಾ ಇದ್ರೆ ಸಾಕು. ಮಿಕ್ಕಿದ್ದು ನಾನ್ ನೋಡ್ಕೊತೀನಿ" ಎಂದ. ಆ ಮಾತಿನಲ್ಲಿ ಏನೋ ತಪ್ಪಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಕ್ಯಾಮೆರಾದಿಂದ ಉಪಯೋಗವೂ ಆಯಿತು. ಆಮೇಲೆ ಆನೆಗಳು ಎಷ್ಟೋ ಸಲ ಬಂದವು, ಆದರೆ ಲೈನಿನವರು ಯಾರೂ ಅವುಗಳ ಕಾಲಿಗೆ ಸಿಗಲಿಲ್ಲ.

ಕರಿಮೆಣಸು ಕೊಯ್ಯುವ ಹೊತ್ತಿಗೆ ಒಂದು ಸಂಜೆ ಲೈನಿನ ರುದ್ರಮ್ಮ ಆಫೀಸಿನ ಮೆಟ್ಟಿಲ ಬಳಿ ಬಂದು ನಿಂತಳು. ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲೇ ನೆಲೆಸಿದವಳು, ಮಾತು ಕಡಿಮೆ.

"ರೈಟ್ರಮ್ಮ, ಆ ಕ್ಯಾಮ್ರಾ ಆನೆ ದಾರಿ ನೋಡ್ತಿಲ್ಲ ಕಣವ್ವ. ನಮ್ ಬಚ್ಚಲ ಕಡೀಕೆ ತಿರುಗ್ತದೆ."

"ಗಾಳಿಗೆ ಅಲ್ಲಾಡಿರ್ಬೇಕು ರುದ್ರಮ್ಮ."

"ಗಾಳಿ ದಿನಾ ನಾವ್ ಸ್ನಾನ ಮಾಡೋ ಹೊತ್ಗೇ ಬೀಸ್ತದಾ?"

ಲೈನಿನ ಬಚ್ಚಲೆಂದರೆ ಸುತ್ತ ತಗಡಿನ ಮರೆ, ಮೇಲೆ ಬರೀ ಆಕಾಶ. ಕಂಬದ ಮೇಲಿನಿಂದ ಒಳಗೆಲ್ಲ ಕಾಣುತ್ತದೆ ಎಂಬುದು ಕುಸುಮಾಳ ತಲೆಗೆ ಆವತ್ತಿನವರೆಗೂ ಹೊಳೆದಿರಲಿಲ್ಲ.

ಮರುದಿನ ಕೆಲಸ ಬಿಡುವ ಹೊತ್ತಿಗೆ ಅವಳು ಆಫೀಸಿನಲ್ಲಿ ಒಬ್ಬಳೇ ಕುಳಿತು ಫೋನಿನಲ್ಲಿ ಆ್ಯಪ್ ತೆರೆದಳು. ಕಾಲುದಾರಿ, ಹಲಸಿನ ಮರ, ಬೇಲಿ ಕಂಡವು. ಮೆಣಸು ಕೊಯ್ದು ಬಂದ ಹೆಂಗಸರ ದನಿ ದೂರದಲ್ಲಿ ಕೇಳಿಸುತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು ಕಾದಳು. ಹಲಸಿನ ಮರ ಪರದೆಯ ಒಂದು ಅಂಚಿಗೆ ಸರಿಯಿತು. ಬೇಲಿ ಹೋಯಿತು. ಲೈನಿನ ಹಿಂಗೋಡೆ ಬಂತು, ತಗಡು ಬಂತು. ಅಲ್ಲಿ ನಿಂತ ಕ್ಯಾಮೆರಾ ನಿಧಾನವಾಗಿ ಬಚ್ಚಲನ್ನು ಹತ್ತಿರಕ್ಕೆ ಎಳೆದುಕೊಂಡಿತು. ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ರುದ್ರಮ್ಮ ಒಳಗೆ ಬರುತ್ತಿದ್ದಳು.

ಕುಸುಮಾ ಚಪ್ಪಲಿ ಮೆಟ್ಟದೆ ಓಡಿದಳು. "ಒಳಗೆ ಹೋಗ್ಬ್ಯಾಡಿ ರುದ್ರಮ್ಮ" ಎಂದು ಕೂಗುತ್ತಲೇ ಕಂಬಕ್ಕೆ ಮೆಣಸಿನ ಏಣಿ ಒರಗಿಸಿ ಹತ್ತಿ, ಗೋಣಿಚೀಲವೊಂದನ್ನು ಕ್ಯಾಮೆರಾದ ಮೇಲೆ ಕವುಚಿ ಕಟ್ಟಿದಳು. ಇಳಿದು ಆಫೀಸಿಗೆ ಬರುವಷ್ಟರಲ್ಲಿ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ವಾಟ್ಸಾಪ್ ಕರೆ. ಕೀರ್ತಿಕುಮಾರ್.

"ಅಕ್ಕ, ಕ್ಯಾಮೆರಾ ಕಪ್ಪಾಗಿದೆಯಲ್ಲ. ಏನಾಯ್ತು?"

ಆನೆ ಬಂದಾಗಲೂ ಒಮ್ಮೆ ವಿಚಾರಿಸದವನಿಗೆ ಈಗ ಇಷ್ಟು ಬೇಗ ಹೇಗೆ ಗೊತ್ತಾಯಿತು? ನೀನು ನೋಡುತ್ತಾ ಇದ್ದೆಯಾ ಎಂದು ಕೇಳಲು ಬಾಯಿ ತೆರೆದವಳು ಮಾತು ನುಂಗಿಕೊಂಡಳು.

"ಗೊತ್ತಿಲ್ಲಪ್ಪ. ಕೋತಿ ಏನಾದ್ರೂ ಹಾಳ್ ಮಾಡಿರ್ಬೇಕು. ನೋಡ್ತೀನಿ."

ಮೊಣ್ಣಪ್ಪನವರಿಗೆ ಹೇಳಿದಾಗ ಅವರು ತಲೆ ತಗ್ಗಿಸಿದರು. ಆಮೇಲೆ, "ಕಿತ್ತು ಬಿಸಾಡಿ ಕುಸುಮ. ಅವನನ್ನ ಇನ್ನು ಗೇಟ್ ಒಳಗೆ ಬಿಡೋದು ಬೇಡ. ಪೊಲೀಸು ಗಿಲೀಸು ಅಂತ ಹೋದ್ರೆ ಆ ಹೆಂಗಸರದ್ದೇ ಮಾನ ಹೋಗೋದು, ಎಸ್ಟೇಟಿನ ಹೆಸರೂ ಹೋಗ್ತದೆ" ಎಂದರು.

ಬಾಗಿಲ ಆಚೆ ನಿಂತಿದ್ದ ರುದ್ರಮ್ಮ ಒಳಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದಳು. "ಕ್ಯಾಮ್ರಾ ಕಿತ್ತಾಕ್ಬೋದು ಸ್ವಾಮಿ. ಅವನ ತಾವ ಇರೋ ನನ್ ಫೋಟೋನ ಯಾರು ಕಿತ್ತಾಕ್ತಾರೆ?"

ಆ ಪ್ರಶ್ನೆಯನ್ನೇ ಹಿಡಿದುಕೊಂಡು ಕುಸುಮಾ ರೇಂಜ್ ಸಿಗುವ ದಿಬ್ಬದ ರಸ್ತೆಗೆ ಹೋಗಿ ಕ್ಯಾಮೆರಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ನಂಬರು ಪರಿಶೀಲಿಸಿ, ಈ ಕ್ಯಾಮೆರಾ ನಿಮ್ಮ ಹೆಸರಿನಲ್ಲಿಲ್ಲ ಎಂದಳು. ಮೊದಲು ಯಾರ ಖಾತೆಗೆ ಜೋಡಿಸಿದ್ದಾರೋ ಅವರೇ ಅದರ ಮಾಲೀಕರು. ಅವರು ಬಿಟ್ಟುಕೊಡದೆ ಬೇರೆ ಯಾರೂ ಅದನ್ನು ತಮ್ಮದಾಗಿಸಿಕೊಳ್ಳಲು ಆಗುವುದಿಲ್ಲ. ಬಟನ್ ಒತ್ತಿ ಹೊಸದಾಗಿ ಶುರು ಮಾಡಿದರೂ ಹಳೆಯ ಖಾತೆಯನ್ನೇ ಕೇಳುತ್ತದೆ. ಕದ್ದ ಮಾಲು ಕಳ್ಳನಿಗೆ ಉಪಯೋಗಕ್ಕೆ ಬಾರದಿರಲಿ ಎಂದು ಈ ಬೀಗ.

"ದುಡ್ಡು ಕೊಟ್ಟು ತಂದಿದ್ದು ನಾವಮ್ಮ. ರೆಕಾರ್ಡ್ ಆಗಿರೋದೂ ನಮ್ಮ ಹೆಂಗಸರದ್ದೇ. ಏನೇನ್ ರೆಕಾರ್ಡ್ ಆಗಿದೆ ಅಂತನಾದ್ರೂ ಹೇಳಿ."

"ಕ್ಷಮಿಸಿ ಮೇಡಂ. ಗ್ರಾಹಕರ ಖಾಸಗಿತನ ಕಾಪಾಡೋದಕ್ಕೆ ಆ ಮಾಹಿತಿಯನ್ನ ಬೇರೆಯವರಿಗೆ ಕೊಡೋದಿಲ್ಲ. ಬೇಕಾದ್ರೆ ನೀವು ಕೇಳಿದ್ದೀರಿ ಅಂತ ಮಾಲೀಕರಿಗೆ ತಿಳಿಸ್ತೀವಿ. ಅವರು ಖಾತೆಯಿಂದ ಬಿಟ್ಟ ಕೂಡಲೇ ಹಳೇ ರೆಕಾರ್ಡಿಂಗ್ ಎಲ್ಲಾ ತಾನಾಗೇ ಅಳಿಸಿಹೋಗುತ್ತೆ, ಆಮೇಲೆ ನೀವು ನೋಂದಾಯಿಸ್ಕೊಳ್ಳಬಹುದು."

ಎಲ್ಲ ಅಳಿಸಿಹೋಗುತ್ತದೆ ಎಂಬ ಮಾತು ಆ ಗಳಿಗೆಯಲ್ಲಿ ಕುಸುಮಾಳಿಗೆ ಸಮಾಧಾನವನ್ನೇ ತಂದಿತು. ಹೂಂ, ತಿಳಿಸಿ ಎಂದಳು.

ಮರುದಿನ ರುದ್ರಮ್ಮನನ್ನು ಕರೆದುಕೊಂಡು ಮಡಿಕೇರಿಯ ಸೈಬರ್ ಪೊಲೀಸ್ ಠಾಣೆಗೆ ಹೋದಾಗಲೇ ತಾನು ಎಂಥ ಕೆಲಸ ಮಾಡಿಬಿಟ್ಟಿದ್ದೇನೆ ಎಂಬುದು ತಿಳಿದದ್ದು. ಇನ್‌ಸ್ಪೆಕ್ಟರ್ ಹೆಂಗಸು. ರುದ್ರಮ್ಮನನ್ನು ಕೂರಿಸಿ, ಅವಸರ ಮಾಡದೆ ಎಲ್ಲ ಕೇಳಿಸಿಕೊಂಡರು. "ಕಂಪನಿಗೆ ನಾವು ಬರೀತೀವಿ, ರೆಕಾರ್ಡಿಂಗ್ ಕಾದಿಡಿ ಅಂತ. ಅದು ಅವರ ಕೈ ಸೇರೋಕೆ ಟೈಮ್ ಬೇಕು. ಅಷ್ಟರೊಳಗೆ ಅವನು ಖಾತೆಯಿಂದ ಬಿಟ್ಟುಬಿಟ್ರೆ ಸಾಕ್ಷಿಯೇ ಹೋಯ್ತು. ಅವನ ಫೋನ್ ಹಾಗೇ ನಮ್ಮ ಕೈಗೆ ಸಿಗ್ಬೇಕು. ರಿಪೇರಿ ಇದೆ ಅಂತ ನಾಳೆ ಮಧ್ಯಾಹ್ನಕ್ಕೆ ಕರೀರಿ. ಮುಂಚೆ ನಾವು ಬಂದು ಕೂತಿರ್ತೀವಿ."

ದೂರಿಗೆ ಯಾರು ಸಹಿ ಹಾಕುತ್ತೀರಿ ಎಂದು ಕೇಳಿದರು. ಕುಸುಮಾ ಪೆನ್ನಿಗೆ ಕೈ ಚಾಚಿದಳು. ರುದ್ರಮ್ಮ ಅದನ್ನು ತಾನು ತೆಗೆದುಕೊಂಡು ಒಂದೊಂದೇ ಅಕ್ಷರ ಬರೆದಳು.

ರಿಪೇರಿ ಇದೆ ಎಂದು ಕರೆದದ್ದಕ್ಕೆ ಮಾರನೆಯ ದಿನ ಮಧ್ಯಾಹ್ನ ಬರಬೇಕಾದವನು ಬೆಳಿಗ್ಗೆಯೇ ಬಂದ. ಹೆಂಗಸರನ್ನೆಲ್ಲ ಮೆಣಸಿಗೆ ಕಳಿಸಿ ಕುಸುಮಾ ಆಗಷ್ಟೇ ಆಫೀಸಿನ ಬಾಗಿಲು ತೆರೆದಿದ್ದಳು. ಬೈಕಿನ ಸದ್ದು ಕೇಳಿದೊಡನೆ ಅವಳು ಜಗಲಿಗೆ ಬಂದಳು.

"ಬೇಗ ಬಂದ್ಬಿಟ್ಟೆ ಅಕ್ಕ. ಏಣಿ ಕೊಡ್ಸಿ, ಕ್ಯಾಮೆರಾ ಬಿಚ್ಚಿ ನೋಡ್ಬೇಕು."

"ಏಣಿ ಎಲ್ಲ ಮೆಣಸಿನ ಹತ್ರ ಹೋಗವೆ. ಕೂತ್ಕೊ, ತರಿಸ್ತೀನಿ. ಕಾಫಿ ಕುಡೀತೀಯಾ?"

ಕೀರ್ತಿಕುಮಾರ್ ಕೂರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಅವಳ ಮುಖವನ್ನೇ ನೋಡುತ್ತಿದ್ದ. "ಕಂಪನಿಗೆ ಫೋನ್ ಮಾಡಿದ್ರಂತೆ. ನಂಗೆ ಮೆಸೇಜ್ ಬಂತು. ನನ್ನನ್ನೇ ಕೇಳಿದ್ರೆ ಆಗ್ತಿರ್ಲಿಲ್ವಾ?"

"ಯಜಮಾನ್ರು ಹೇಳಿದ್ರು. ಎಸ್ಟೇಟ್ ಹೆಸರಿಗೆ ಮಾಡ್ಕೊಳ್ಳಿ ಅಂತ."

"ಅಷ್ಟೇನಾ. ಏಣಿ ಆಮೇಲೆ ತರ್ಸಿ. ಮೊದ್ಲು ನನ್ ಖಾತೆಯಿಂದ ಬಿಟ್‌ಬಿಡ್ತೀನಿ. ಒಂದ್ ಬಟನ್ ಅಕ್ಕ, ಮುಗೀತು" ಎಂದು ಫೋನ್ ಹೊರಗೆ ತೆಗೆದ.

ಬೇಡ ಎಂದರೆ ಅವನಿಗೆ ಅನುಮಾನ ಬರುತ್ತದೆ. ಬೇಡ ಎನ್ನದಿದ್ದರೆ ಎಲ್ಲ ಹೋಗುತ್ತದೆ. ಕುಸುಮಾ "ಇರು, ಕಾಫಿ ತರ್ತೀನಿ" ಎಂದು ಒಳಗೆ ಹೋದವಳು ಕಿಟಕಿಯ ಬಳಿಯಿದ್ದ ವೈಫೈ ಪೆಟ್ಟಿಗೆಯ ತಂತಿಯನ್ನು ಗೋಡೆಯಿಂದ ಕಿತ್ತಳು. ಎಸ್ಟೇಟಿನ ಆ ತಗ್ಗಿನಲ್ಲಿ ಯಾವ ಕಂಪನಿಯ ಸಿಮ್ಮಿಗೂ ರೇಂಜ್ ಸಿಗುತ್ತಿರಲಿಲ್ಲ. ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿದಳು.

"ನೆಟ್ ಹೋಯ್ತಲ್ಲ" ಎಂದ ಅವನು ಹೊರಗಿನಿಂದ.

"ಹಂಗೇ ಅದು. ನಿನ್ನೆಯಿಂದ ಬರ್ತದೆ, ಹೋಯ್ತದೆ. ಕೊಂಬೆ ಬಿದ್ದು ಲೈನ್ ಏನೋ ಆಗಿದೆ."

ಅವನು ಲೋಟ ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಮೇಲಿಂದ ಒಳಗೆ ಕಣ್ಣು ಹಾಯಿಸಿದ. ಕಿಟಕಿಯ ಬಳಿ ಪೆಟ್ಟಿಗೆಯ ಒಂದು ದೀಪವೂ ಉರಿಯುತ್ತಿರಲಿಲ್ಲ, ಬುಡದಲ್ಲಿ ತಂತಿ ನೇತಾಡುತ್ತಿತ್ತು. ಅವನು ಮತ್ತೆ ಅವಳ ಕಡೆ ತಿರುಗಿದಾಗ ಅಕ್ಕ ಎಂಬ ಮಾತು ಹೋಗಿತ್ತು.

"ನೀವು ಒಳ್ಳೇ ಕೆಲ್ಸ ಮಾಡ್ತಿಲ್ಲ."

ಬೈಕು ಹತ್ತಿದ. ಮೇಲೆ ದಿಬ್ಬದ ರಸ್ತೆಗೆ ಹೋದರೆ ರೇಂಜ್ ಸಿಗುತ್ತದೆ, ಅಲ್ಲಿಗೆ ಹೆಚ್ಚು ದೂರವಿಲ್ಲ. ಕುಸುಮಾ ಹಿಂದೆಯೇ ಓಡಿದಳು. ಓಡಿ ಏನು ಮಾಡಬೇಕು ಎಂಬುದು ಅವಳಿಗೇ ಗೊತ್ತಿರಲಿಲ್ಲ. ದಾರಿ ತಿರುಗುವಲ್ಲಿ ಎದುರಿನಿಂದ ಮೊಣ್ಣಪ್ಪನವರ ಜೀಪು ಇಳಿದು ಬಂತು. ಒಂದು ಕಡೆ ಮಣ್ಣಿನ ಗೋಡೆಯಂಥ ಎತ್ತರದ ಬರೆ, ಇನ್ನೊಂದು ಕಡೆ ಕಾಫಿಯ ಇಳಿಜಾರು. ಎರಡು ಗಾಡಿಗೆ ಅಲ್ಲಿ ಜಾಗವಿಲ್ಲ. ಕೀರ್ತಿಕುಮಾರ್ ಹಾರ್ನ್ ಮಾಡಿದ. ಮೊಣ್ಣಪ್ಪ ಎಂದಿನ ಮರ್ಯಾದೆಯಿಂದ ಜೀಪನ್ನು ಹಿಂದಕ್ಕೆ ತೆಗೆಯತೊಡಗಿದರು.

"ಸಾರ್, ಹಿಂದೆ ತಗೀಬೇಡಿ" ಎಂದಳು ಕುಸುಮಾ. ಏದುಸಿರಿನಲ್ಲಿ ದನಿಯೇ ಸರಿಯಾಗಿ ಹೊರಡಲಿಲ್ಲ. "ದಮ್ಮಯ್ಯ ಸಾರ್. ಬಿಡಬೇಡಿ."

ಮೊಣ್ಣಪ್ಪ ಅವಳನ್ನು ನೋಡಿದರು. ಅವಳ ಬರಿಗಾಲು, ಕೆದರಿದ ಕೂದಲು ನೋಡಿದರು. ಪೊಲೀಸರು ಬೇಡ ಎಂದಿದ್ದವರು ಅವರೇ. ಅವರು ದಾರಿ ತಡೆಯುತ್ತಾರೋ, ಬಿಡುತ್ತಾರೋ ಕುಸುಮಾಳಿಗೆ ತಿಳಿಯಲಿಲ್ಲ. ಮೊಣ್ಣಪ್ಪ ಎಂಜಿನ್ ಆರಿಸಿ, ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

"ಗಾಡಿ ಕೆಟ್ಟುಹೋಯ್ತು" ಎಂದರು, ಕೀರ್ತಿಕುಮಾರನ ಕಡೆ ನೋಡದೆ.

ಅವನು ಬೈಕು ತಿರುಗಿಸಿದ. ಸದ್ದು ಕೇಳಿ ಮೆಣಸಿನ ಕಡೆಯಿಂದ ಬಂದ ಹೆಂಗಸರು ಆ ಬದಿಯಲ್ಲಿ ದಾರಿಗೆ ಅಡ್ಡಲಾಗಿ ನಿಂತಿದ್ದರು. ಮುಂದೆ ರುದ್ರಮ್ಮ. ಯಾರೂ ಬೈಯಲಿಲ್ಲ, ಯಾರೂ ಕೈ ಎತ್ತಲಿಲ್ಲ. ಅವನು ಫೋನನ್ನು ತಲೆಯ ಮೇಲಕ್ಕೆ ಹಿಡಿದು ಬರೆಯ ಬುಡದಲ್ಲಿ ಅತ್ತ ಇತ್ತ ನಡೆದ. ಅವನ ಹೆಬ್ಬೆರಳು ಪರದೆಯನ್ನು ಒತ್ತುವುದು, ಅವನು ಕತ್ತೆತ್ತಿ ನೋಡುವುದು, ಮತ್ತೆ ಒತ್ತುವುದು ಎಲ್ಲರಿಗೂ ಕಾಣುತ್ತಿತ್ತು. ಪ್ರತಿ ಸಲವೂ ಕುಸುಮಾ ಈಗ ಸಾಕ್ಷಿ ಹೋಯಿತು ಎಂದುಕೊಂಡಳು. ಹೀಗೆ ಎಷ್ಟು ಹೊತ್ತು ಕಳೆಯಿತು ಎಂದು ಆಮೇಲೆ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಹೇಳಿದಂತೆ ಮಧ್ಯಾಹ್ನಕ್ಕೆ ಮುಂಚೆಯೇ ಹೊರಟಿದ್ದ ಪೊಲೀಸ್ ಜೀಪು ಮೊಣ್ಣಪ್ಪನವರ ಜೀಪಿನ ಹಿಂದೆ ಬಂದು ನಿಂತಾಗ ಅವನು ಫೋನನ್ನು ಕಾಫಿ ಗಿಡಗಳ ಕಡೆಗೆ ಎಸೆದ. ಅದು ಬಿದ್ದ ಜಾಗಕ್ಕೆ ನೆಟ್ಟಗೆ ನಡೆದುಹೋಗಿ ಹುಡುಕಿ ತಂದವಳು ರುದ್ರಮ್ಮ. ಸೆರಗಿನಲ್ಲಿ ಹಿಡಿದು ತಂದು ಇನ್‌ಸ್ಪೆಕ್ಟರ್ ಕೈಗೇ ಕೊಟ್ಟಳು.

ಅವನಿಗೆ ಅಳಿಸಲು ಆಗಿರಲಿಲ್ಲ. ಅವನ ಖಾತೆಯಲ್ಲಿ ಈ ಎಸ್ಟೇಟಿನದಲ್ಲದೆ ಬೇರೆ ಮನೆಗಳ, ಬೇರೆ ಲೈನುಗಳ ಕ್ಯಾಮೆರಾಗಳೂ ಇದ್ದವು. ಹಾಕಿಕೊಟ್ಟ ಒಂದನ್ನೂ ಅವನು ಕೊಂಡವರ ಹೆಸರಿಗೆ ಮಾಡಿರಲಿಲ್ಲ. ಆ ಮನೆಗಳಿಗೆಲ್ಲ ಪೊಲೀಸರು ಹೋಗಿ ಹೇಳಬೇಕಾಯಿತು. ಕೆಲವರು ದೂರು ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಕಂಪನಿಯಿಂದ ಉತ್ತರ ಬರಲು ತಿಂಗಳುಗಳೇ ಹಿಡಿದವು. ಕೇಸು ಈಗಲೂ ನಡೆಯುತ್ತಿದೆ.

ಮೊಣ್ಣಪ್ಪ ಬಚ್ಚಲಿಗೆ ಚಾವಣಿ ಹಾಕಿಸಿದರು. ಆನೆ ದಾರಿಗೆ ಇನ್ನೊಂದು ಕ್ಯಾಮೆರಾ ಬೇಕೋ ಬೇಡವೋ ಎಂದು ತೀರ್ಮಾನಿಸಲು ಕುಸುಮಾ ಲೈನಿನ ಹೆಂಗಸರನ್ನೇ ಆಫೀಸಿಗೆ ಕರೆದಳು. ಬೇಕು ಎಂದರು. ಆದರೆ ತಿರುಗದಂಥದ್ದು, ಅದರ ಪಾಸ್‌ವರ್ಡು ಎಸ್ಟೇಟಿನವರ ಕೈಯಲ್ಲೇ ಇರುವಂಥದ್ದು. ಬೀಗ ಯಾರ ಹೆಸರಿನಲ್ಲಿದೆ ಎಂದು ತನ್ನ ಕಣ್ಣಾರೆ ನೋಡುವವರೆಗೆ ಕುಸುಮಾ ಹೊಸ ಕ್ಯಾಮೆರಾ ಅಂಗಡಿಯವನಿಗೆ ಕಂಬ ಹತ್ತಲು ಬಿಡಲಿಲ್ಲ.

ರುದ್ರಮ್ಮ ನ್ಯಾಯಾಲಯದಲ್ಲಿ ಹೇಳಿಕೆ ಕೊಟ್ಟ ದಿನ ಕುಸುಮಾ ಜೊತೆಗಿದ್ದಳು. ಹೊರಗೆ ಬಂದ ರುದ್ರಮ್ಮ ಇನ್‌ಸ್ಪೆಕ್ಟರನ್ನು ಒಂದೇ ಮಾತು ಕೇಳಿದಳು. "ಅವ್ನು ಇನ್ಯಾರಿಗಾದ್ರೂ ಕಳ್ಸವ್ನಾ ತಾಯಿ?"

"ಫೋನಿನಲ್ಲಿ ಹಾಗೆ ಕಳಿಸಿದ ಗುರುತು ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತ ನಾನು ಹೇಳೋಕಾಗಲ್ಲ."

ಇಬ್ಬರೂ ಬಸ್ಸು ಹತ್ತಿದರು. ಚೆಟ್ಟಳ್ಳಿ ಹತ್ತಿರವಾದಾಗ ರುದ್ರಮ್ಮ, "ಚಾವಣಿ ಹಾಕಿದ್ ಮ್ಯಾಲೂ ನಾನು ಸೀರೆ ಸುತ್ಕೊಂಡೇ ನೀರ್ ಹುಯ್ಕೊಳ್ತೀನಿ ಕಣವ್ವ" ಎಂದಳು.

ಬಸ್ಸು ನಿಂತಿತು. ಕುಸುಮಾ ರುದ್ರಮ್ಮನ ಚೀಲವನ್ನು ತಾನು ಎತ್ತಿಕೊಂಡು ಇಳಿದಳು. ಇಬ್ಬರೂ ಎಸ್ಟೇಟಿನ ದಾರಿ ಹಿಡಿದರು.