ಗಟ್ಟಿಗಿತ್ತಿ ಹೇಳಿದ ಸುಳ್ಳು

ಗಾರೆ ಕೆಲಸದ ಆ ಹೆಂಗಸನ್ನು ಎಲ್ಲರೂ ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಮೂರನೇ ಅಂತಸ್ತಿನ ಎತ್ತರದಲ್ಲಿ, ಸಾರುವೆಯ ಒಂಟಿ ಹಲಗೆಯ ಮೇಲೆ ನಿಂತು, ಕೆಳಗಿದ್ದವರೊಡನೆ ಜಗಳವಾಡುತ್ತಲೇ ಗೋಡೆಗೆ ಕರಣೆ ಎಳೆಯುವವಳು. ಗಂಡ ಗಡಿಯಾರ ರಿಪೇರಿಯವನು. ಹಲ್ಲಿ ಕಂಡರೂ ಹೆಂಡತಿಯ ಬೆನ್ನ ಹಿಂದೆ ಸರಿಯುವ ಸಾಧು.

ತನ್ನ ಪಿತ್ತಕೋಶದ ಕಲ್ಲು ತೆಗೆಸಲು ಆಸ್ಪತ್ರೆ ಸೇರಿದಾಗಲೂ ಅವಳೇ ಅವನಿಗೆ ಧೈರ್ಯ ಹೇಳಿದ್ದಳು. ಆದರೆ ಆಪರೇಷನ್ ಮೇಜಿನ ಮೇಲೆ ಮಲಗಿ, ತಲೆಯ ಮೇಲಿನ ದೀಪ ಹೊತ್ತಿಕೊಂಡದ್ದೇ ತಡ, ಅವಳ ಕೈಕಾಲು ತಣ್ಣಗಾಗಿ ಎದೆ ಹಿಂಡಿತು. ಹೊಟ್ಟೆ ಕೊಯ್ಯುವ ಮೊದಲೇ ಎಲ್ಲ ನಿಲ್ಲಿಸಿ ಹೃದಯ ಪರೀಕ್ಷೆ ಮಾಡಿದರು.

"ರಕ್ತನಾಳ ಎಲ್ಲಾ ಸರಿಯಾಗಿದೆಯಮ್ಮ," ಎಂದರು ಡಾಕ್ಟರಮ್ಮ. "ತುಂಬಾ ಹೆದರಿದ್ದೀರಿ. ಆ ಒತ್ತಡಕ್ಕೆ ಹೃದಯದ ಸ್ನಾಯು ಸೋತಿದೆ. ಕೆಲವು ವಾರದಲ್ಲಿ ಚೇತರಿಸ್ಕೊಳ್ಳುತ್ತೆ."

ಹೆದರಿಕೆಯೇ! ತನಗೆ! ಔಷಧಿ ತರಲು ಹೋಗಿದ್ದ ಗಂಡ ಬಂದು ಕೇಳಿದಾಗ, "ರಕ್ತನಾಳ ಕಟ್ಕೊಂಡಿದೆಯಂತೆ," ಎಂದುಬಿಟ್ಟಳು. ಅದಾದರೆ ಮರ್ಯಾದಸ್ಥರ ಕಾಯಿಲೆ.

ಎರಡು ತಿಂಗಳಿಗೆ ಹೃದಯ ಮೊದಲಿನಂತಾಯಿತು. ಕಲ್ಲು ಮಾತ್ರ ಬಿಡಲಿಲ್ಲ. ಉಂಡದ್ದೆಲ್ಲ ನೋವಾಗಿ ತಿರುಗುತ್ತಿತ್ತು. ಡಾಕ್ಟರಮ್ಮ ಮತ್ತೆ ದಿನ ಕೊಟ್ಟರು. ವಾರ್ಡಿನಲ್ಲಿ ಒಪ್ಪಿಗೆಯ ಕಾಗದ ಕೈಗೆ ಬಂದಾಗ ಗಂಡ ಜೀವಮಾನದಲ್ಲೇ ಮೊದಲ ಸಲ ಹಟ ಹಿಡಿದ.

"ನಾಳ ಕಟ್ಟಿರೋಳನ್ನ ಕೊಯ್ಯೋಕೆ ನಾನು ಸೈ ಹಾಕಲ್ಲ. ನಡಿ ಮನೆಗೆ."

"ರೀ, ಡಾಕ್ಟರೇ ಮಾಡ್ತೀನಿ ಅಂತಿದಾರೆ."

"ಅವರಿಗೇನು, ದಿನಾ ನೂರು ಜನ ಬರ್ತಾರೆ. ನಂಗಿರೋಳು ನೀನೊಬ್ಬಳೇ ಕಣೇ."

ಗಡಿಯಾರದ ಕೂದಲೆಳೆಯಂಥ ಮುಳ್ಳುಗಳನ್ನು ಜೋಡಿಸುವ ಆ ಕೈ ಆಗಲೇ ಅವಳ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿತ್ತು. ನೋಡಲಾರದೆ ಅವಳು ಗೋಡೆಯ ಕಡೆ ತಿರುಗಿಕೊಂಡಳು.

"ನಾಳ ಕಟ್ಟಿಲ್ಲ ರೀ. ಸುಳ್ಳು ಹೇಳ್ದೆ. ನಂಗೆ ಹೆದರಿಕೆ ಆಗಿತ್ತು, ಅದಕ್ಕೇ ಎದೆ ಸೋತಿದ್ದು. ಈಗ್ಲೂ ಆಗ್ತಿದೆ."

ಅವನು ಹಾಸಿಗೆಯ ಅಂಚಿಗೆ ಕೂತು, ಗಾರೆ ತಿಂದು ಒರಟಾದ ಅವಳ ಬೆರಳುಗಳನ್ನು ಹಿಡಿದುಕೊಂಡ.

"ಇಷ್ಟಕ್ಕೆ ಎರಡು ತಿಂಗಳು ನಂಗೂ ಉಪ್ಪಿಲ್ಲದ ಊಟ ಹಾಕ್ಸಿದ್ಯಲ್ಲೇ, ಪಾಪಿ!"

"ನಗಬೇಡಿ."

"ನಗ್ತಿಲ್ಲ. ಹೆದರೋದ್ರಲ್ಲಿ ನಾನು ನಿಂಗಿಂತ ಸೀನಿಯರ್ರು. ಕಣ್ಮುಚ್ಚಿ ಉಸಿರು ಎಣಿಸ್ಬೇಕು. ಹೇಳ್ಕೊಡ್ತೀನಿ ಬಾ."

ಸೈ ಹಾಕಿದ. ಡಾಕ್ಟರಮ್ಮನನ್ನು ಕಾಡಿಬೇಡಿ, ಟೋಪಿ ಗೌನು ತೊಟ್ಟು ಆಪರೇಷನ್ ಕೋಣೆಯ ಒಳಗೂ ಹೋದ.

"ಕೈ ಬಿಡಬೇಡಿ," ಎಂದಳು ಗಟ್ಟಿಗಿತ್ತಿ, ಅಷ್ಟೂ ಜನರಿಗೆ ಕೇಳುವಂತೆ.

ಅವನು ಉಸಿರು ಎಣಿಸತೊಡಗಿದ. ಹನ್ನೊಂದು ಎನ್ನುವಷ್ಟರಲ್ಲೇ ಅವಳಿಗೆ ಅರಿವಳಿಕೆಯ ನಿದ್ದೆ ಬಂದಿತ್ತು. "ಎದೆಬಡಿತ ಚೆನ್ನಾಗಿದೆ, ಇನ್ನು ಬಿಡಿ ಯಜಮಾನ್ರೇ," ಎಂದು ಸಿಸ್ಟರ್ ಭುಜ ತಟ್ಟುವಾಗ ಅವನ ಎಣಿಕೆ ನಲವತ್ತು ದಾಟಿತ್ತು.