ಫೌಜಿ ಅಣ್ಣ ಕಂಡ ಜಪಾನಿನ ಗುಡಿಗಳು

ಮೊಮ್ಮಗಳು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಜಪಾನಿನ ಗುಡಿಯೊಂದರ ಹೆಬ್ಬಾಗಿಲಿತ್ತು. ಎರಡು ಕೆಂಪು ಕಂಬ, ಮೇಲೆ ಅಡ್ಡತೊಲೆ, ಕದವೇ ಇಲ್ಲ. ಅಫಜಲಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ಸೈನ್ಯದಿಂದ ಮರಳಿದ್ದ ಪಕ್ಕದ ಮನೆಯ ಫೌಜಿ ಅಣ್ಣ ಇಂಥದನ್ನೇ ಮಣ್ಣಿನಲ್ಲಿ ಗೀಚಿ ತೋರಿಸಿದ್ದರು...

ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ಪಲ್ಟನ್ನನ್ನು ಸೋತ ಜಪಾನಿನ ಕಾವಲಿಗೆ ಕಳಿಸಿದ್ದರಂತೆ. ರಜೆ ಸಿಕ್ಕಾಗಲೆಲ್ಲ ಗುಡಿ ಸುತ್ತಿದರು. ಅಲ್ಲಿನವರು ದೇವರ ಮುಂದೆ ಚಪ್ಪಾಳೆ ತಟ್ಟಿ ಕೈಮುಗಿಯುತ್ತಾರೆಂದು, ಊರಿಗೆ ಬಂದ ಮೇಲೆ ಘತ್ತರಗಿಯ ಭಾಗ್ಯವಂತಿ ದೇವಿಯ ಮುಂದೆಯೂ ಫಟ್ ಫಟ್ ಎಂದು ತಟ್ಟಿ, ಪೂಜಾರಿಯಿಂದ ಬೈಸಿಕೊಂಡರು. ನಾನು ನಕ್ಕು ನಕ್ಕು ಸುಸ್ತಾಗಿದ್ದೆ. ಮದುವೆಯಾಗಿ ಬಂದ ಹೊಸತು, ನಗಲು ನೆಪ ಬೇಕಿತ್ತು.

ಒಂದು ಗುಡಿಯ ಕಥೆಗೆ ಮಾತ್ರ ನಗಲಾಗಲಿಲ್ಲ. ಅಲ್ಲಿ ಜೊತೆಗಾರನೊಬ್ಬ ಮರದ ಬುದ್ಧನ ಬೆರಳು ಮುರಿಯಲು ಹೋದಾಗ ಮುದುಕ ಸನ್ಯಾಸಿ ಅಡ್ಡ ನಿಂತನಂತೆ. ಅಣ್ಣ ಬಂದೂಕಿನ ಹಿಡಿಯಿಂದ ಆ ಸನ್ಯಾಸಿಯ ಬಾಯಿಗೆ ಗುದ್ದಿದರು.

"ಹಲ್ಲು ಉದುರಿದ್ವು ತಂಗಿ. ಆದ್ರೂ ಸರೀಲಿಲ್ಲ ಅಂವ. ನಾವೇ ಹೊಳ್ಳಿ ಬಂದ್ವಿ," ಎಂದು ತಮ್ಮ ಕೈಯನ್ನೇ ನೋಡುತ್ತ ಕೂತರು.

ನಿಜಾಮರ ಆಳ್ವಿಕೆ ಮುಗಿದ ದಿನಗಳಲ್ಲಿ, ಯಾರೋ ಮಾಡಿದ ದೌರ್ಜನ್ಯಕ್ಕೆ ಸೇಡೆಂದು ಗುಂಪುಗಳು ನಮ್ಮಂಥ ಮುಸಲ್ಮಾನರ ಮನೆ ಹೊಕ್ಕು ಗಂಡಸರನ್ನು ಎಳೆದು ಕೊಲ್ಲತೊಡಗಿದವು. ನಮ್ಮ ಓಣಿಗೆ ಬಂದದ್ದು ಮಟಮಟ ಮಧ್ಯಾಹ್ನ. ನನ್ನ ಗಂಡ ಜೋಳ ತುಂಬುವ ಹಗೇವಿನೊಳಗೆ ಅಡಗಿದ್ದರು. ಅಣ್ಣ ಬರಿಗೈಯಲ್ಲಿ ಓಡಿಬಂದು ನಮ್ಮ ಹೊಸ್ತಿಲ ಮೇಲೆ ನಿಂತರು.

"ತಂಗಿ, ಏನರ ಆಗ್ಲಿ, ಕದ ತಗೀಬ್ಯಾಡ!"

ಕದದ ಬಿರುಕಿನಿಂದ ನೋಡಿದೆ. ಬಡಿಗೆ ಹಿಡಿದವರೆಲ್ಲ ಗುರುತಿನವರೇ. "ಸರೀಲೇ ಫೌಜಿ!" ಎಂದು ಒಬ್ಬ ಚೀರಿದ. ಅಣ್ಣ ಸರಿಯಲಿಲ್ಲ. ಮೊಣಕಾಲಿಗೆ ಕೊಡಲಿಯ ಕಾವು ಬಿತ್ತು. ಕುಸಿದವರು ಕದಕ್ಕೆ ಬೆನ್ನು ಕೊಟ್ಟು ಕೂತರು. ಆಮೇಲೆ ತಲೆಗೆ. ಪ್ರತಿ ಏಟಿಗೂ ಕದ ನನ್ನ ಹಣೆಗೆ ಬಡಿಯಿತು. ರಕ್ತ ಸಂದಿಯಿಂದ ಹರಿದು ನನ್ನ ಕಾಲಿಗೆ ತಾಗಿತು... ತಮ್ಮವನನ್ನೇ ಕೊಂದೆವೆಂದು ದಿಗಿಲುಬಿದ್ದು ಗುಂಪು ಓಡಿತು.

ಆಗ ಹೊರಗಿನಿಂದ ಮೆಲ್ಲಗೆ ಕೇಳಿಸಿತು.

"ಹೋದ್ರು ತಂಗಿ... ಇನ್ನ ತಗಿ. ನೀರು ಕೊಡು."

ನಾನು ತೆಗೆಯಲಿಲ್ಲ. ಹೆದರಿಕೆ. ಎರಡು ಸಲ ಕರೆದರು, ಸುಮ್ಮನಾದರು. ದನ ಮನೆಗೆ ಬರುವ ಹೊತ್ತಿಗೆ ಅಗಳಿ ಸರಿಸಿದೆ. ಅವರ ಹೆಣ ಒಳಕ್ಕೇ ಬಿತ್ತು.

ನನ್ನ ಗಂಡ ಮುಂದೆ ನಲವತ್ತು ವರ್ಷ ಬಾಳಿದರು. ಕದ ತೆಗೆಯಬೇಡ ಎಂದು ಜೀವ ಕೊಟ್ಟ ಅಣ್ಣನ ಕಥೆ ಹೇಳಿ ಮನೆಮಂದಿಯನ್ನೆಲ್ಲ ಅಳಿಸಿದ್ದೇನೆ. ಇವತ್ತು ಮೊಮ್ಮಗಳಿಗೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಆಮ್ಯಾಲ ಅವರು ಏನಂದ್ರು ದಾದಿ?"

"ಏನೂ ಅನ್ಲಿಲ್ಲ ಬೇಟಿ," ಎಂದೆ.